ಅಗಲಿಕೆಯ ಮೇಲೆ ಪುಸ್ತಕ ಮುಚ್ಚದವರು

ವೀರಯ್ಯ ಮಾಸ್ತರ ಬಲಗೈ ತೋರುಬೆರಳು ಸದಾ ಯಾವುದಾದರೊಂದು ಪುಸ್ತಕದೊಳಗೆ ಇರುತ್ತಿತ್ತು. ಸಂತೆಗೆ ಹೋದರೂ ಹಾಗೇ. ಎಡಗೈಯಿಂದ ಬದನೆಕಾಯಿ ಒತ್ತಿ ನೋಡುವರು, ಬಲಗೈಯ ಪುಸ್ತಕದಿಂದ ಬೆರಳು ತೆಗೆಯರು. ಮಧ್ಯಾಹ್ನ ಕಟ್ಟೆಯ ಮೇಲೆ ಮಲಗಿ ಗೊರಕೆ ಹೊಡೆಯುವಾಗಲೂ ಎದೆಯ ಮೇಲೊಂದು ಪುಸ್ತಕ, ಅದರ ನಡುವೆ ಆ ಬೆರಳು. "ಅಯ್ಯನೋರ ಬೆರಳಿಗೆ ಮನಿ ಬ್ಯಾರೆನ ಐತಿ" ಎಂದು ಸಿರುಗುಪ್ಪದ ನಮ್ಮ ಓಣಿಯ ಹೆಂಗಸರು ನಗುತ್ತಿದ್ದರು.

ಅವರು ಕುರುಗೋಡಿನವರು. ಅಲ್ಲಿಯ ಬಂಡೆಗಳ ನಡುವೆ ಬೆಳೆದ ಅವರಿಗೆ ನೀರೆಂದರೆ ವಿಪರೀತ ಭಯ. ಸಾಲೆಯ ಕೆಲಸಕ್ಕೆಂದು ಹೊಳೆದಂಡೆಯ ಸಿರುಗುಪ್ಪಕ್ಕೆ ಬಂದು, ನಿವೃತ್ತರಾಗಿ, ನಮ್ಮ ಪಕ್ಕದ ಮನೆಯಲ್ಲೇ ಉಳಿದಿದ್ದರು. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದುವರು. ಉಳಿದ ತಿಂಗಳುಗಳಲ್ಲಿ ಪ್ರತಿ ಐತವಾರ ಮಧ್ಯಾಹ್ನ ತಮ್ಮ ಮನೆಯ ಕಟ್ಟೆಯ ಮೇಲೆ ಕಾದಂಬರಿ ಓದುವರು. ಅಕ್ಕಿ ಆರಿಸುವ ಮೊರ ಹಿಡಿದುಕೊಂಡು ಹೆಂಗಸರು ಬಂದು ಕೂರುತ್ತಿದ್ದರು. ಅಕ್ಕಿ ಗಿರಣಿಯ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಸಿದ್ರಾಮಪ್ಪ ಬಸ್ಸಿಗೆ ಕಾಯುವವನಂತೆ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ. ಎಷ್ಟು ಬಸ್ಸು ಬಂದರೂ ಹತ್ತುತ್ತಿರಲಿಲ್ಲ.

ಮಾಸ್ತರರಿಗೆ ಒಂದು ನೇಮವಿತ್ತು. ಅಗಲಿಕೆಯ ಮೇಲೆ ಪುಸ್ತಕ ಮುಚ್ಚಬಾರದು. ಪುರಾಣ ಓದುವ ಮನೆತನದಿಂದ ಬಂದದ್ದು ಅದು. ಕಥೆಯಲ್ಲಿ ಯಾರಾದರೂ ಊರು ಬಿಟ್ಟಿದ್ದರೆ, ಯಾರಾದರೂ ಅಳುತ್ತಿದ್ದರೆ ಅಲ್ಲಿಗೆ ನಿಲ್ಲಿಸುವಂತಿಲ್ಲ. ಕತ್ತಲಾಗಲಿ, ಗಂಟಲು ಕಟ್ಟಲಿ, ಒಳ್ಳೆಯ ಮಾತು ಬರುವವರೆಗೆ ಓದಬೇಕು.

"ಯಾಕ್ರಿ ಮಾಸ್ತರ?" ಎಂದು ನಾನೊಮ್ಮೆ ಕೇಳಿದ್ದೆ. ಆಗ ಬಳ್ಳಾರಿಯ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ಎಲ್ಲದಕ್ಕೂ ಕಾರಣ ಬೇಕಿತ್ತು.

"ತಂಗೀ, ನಾವು ಪುಸ್ತಕ ಮುಚ್ಚಿ ಉಣ್ಣಾಕ ಹೋಗ್ತೀವಿ. ಒಳಗಿದ್ದಾಕಿ ಅಲ್ಲೇ ಅಳಕೋಂತ ನಿಂತಿರ್ತಾಳ. ಅದು ಕೇಳಿದವರಿಗೆ ಛಲೋ ಅಲ್ಲ."

ಆ ಹೆಂಗಸರು ಕಥೆ ಕೇಳುತ್ತಿದ್ದ ರೀತಿ ನಮ್ಮ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಖಾದರಬಿ ದುಃಖದ ಅಧ್ಯಾಯ ಬರುವ ಮೊದಲೇ ಅತ್ತು ಮುಗಿಸುತ್ತಿದ್ದಳು. "ಆಮ್ಯಾಲೆ ಕೇಳಾಕ ಕಣ್ಣು ಖಾಲಿ ಇರ್ಬೇಕು ಮಾಸ್ತರ" ಎನ್ನುವಳು. ಕಾಳವ್ವ ನಾಯಕನನ್ನು ನೇರವಾಗಿ ಬೈಯುವಳು: "ಒಂದ್ ಕಾಗದ ಬರದಿದ್ರ ಇವನ ಕೈ ಬಿದ್ದು ಹೋಗ್ತಿತ್ತೇನು, ಮೂಳ!" ಮಾಸ್ತರರು ಓದು ನಿಲ್ಲಿಸಿ, ಆ ನಾಯಕನ ಪರವಾಗಿ ಏನಾದರೂ ಸಮಜಾಯಿಷಿ ಕೊಟ್ಟ ಮೇಲೆಯೇ ಮುಂದೆ ಹೋಗಬೇಕಿತ್ತು.

ಒಂದು ಐತವಾರ ನನ್ನ ಪಠ್ಯದಲ್ಲಿದ್ದ ವಿರಹದ ಕವಿತೆಯನ್ನು ಓದಿ ಅರ್ಥ ಹೇಳಿದೆ. ಬೆಳದಿಂಗಳು ಸುಡುತ್ತದೆ, ಗಂಧ ಸುಡುತ್ತದೆ, ಹೂವಿನ ಹಾಸಿಗೆ ಕೆಂಡವಾಗುತ್ತದೆ.

"ಆಕಿಗೆ ಮಾಡಾಕ ಕೆಲಸ ಇಲ್ಲೇನು?" ಎಂದಳು ಕಾಳವ್ವ. "ಗಿರಣಿಗೆ ಕಳಸ್ರಿ, ಹಾಸಿಗಿ ಏನು, ಕಲ್ಲಿನ ಮ್ಯಾಲೂ ನಿದ್ದಿ ಬರತೈತಿ."

ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ಹುಲಿಗೆಮ್ಮ ಮಾತ್ರ ನಗಲಿಲ್ಲ. ಅವಳು ಗಿರಣಿಯಲ್ಲಿ ಅಕ್ಕಿ ಕೇರುವವಳು. ಗಂಡ ತಿಮ್ಮಪ್ಪ ಭತ್ತದ ಲಾರಿಯ ಜೊತೆ ಆಂಧ್ರದ ಕಡೆ ಹೋದವನು ವರ್ಷಗಳಾದರೂ ತಿರುಗಿ ಬಂದಿರಲಿಲ್ಲ. ಲಾರಿ ಬಂದಿತ್ತು. ಅವನು ದಾರಿಯಲ್ಲಿ ಇಳಿದು ಹೋದನೆಂದು ಡ್ರೈವರ್ ಹೇಳಿದ್ದ. ಅವಳು ಮೊರದಿಂದ ಕಣ್ಣೆತ್ತದೆ ಹೇಳಿದಳು:

"ಸುಡಾಂಗಿಲ್ಲ ಬಿಡ್ರಿ ಅದು. ತಣ್ಣಗಿರತೈತಿ. ಹಚ್ಚಲಾರದ ಒಲಿ ಇರತೈತಲ್ಲ, ಹಂಗ."

ಮಾಸ್ತರರು ನನ್ನ ಕಡೆ ತಿರುಗಿ, "ಕವಿತಾ ಬರದವರಿಗೆ ಇದು ಗೊತ್ತಿರಲಿಲ್ಲ ನೋಡು ತಂಗಿ" ಎಂದರು.

ಮಾಸ್ತರರು ವಾರಪತ್ರಿಕೆಗಳ ಧಾರಾವಾಹಿಗಳನ್ನು ಹರಿದು, ಸೂಜಿದಾರದಿಂದ ಹೊಲಿದು ಪುಸ್ತಕ ಮಾಡುತ್ತಿದ್ದರು. ಕೊನೆಯ ಕಂತು ಸಿಗುವವರೆಗೆ ಒಂದು ಸಾಲೂ ಓದುತ್ತಿರಲಿಲ್ಲ. ಹಳೆಯ ಸಂಚಿಕೆಗಳನ್ನು ಬಳ್ಳಾರಿಯ ಕೌಲ್ ಬಜಾರಿನ ರದ್ದಿ ಅಂಗಡಿಗಳಲ್ಲಿ ಹುಡುಕಿ ತರುವುದು ನನ್ನ ಕೆಲಸ. ಆ ವರ್ಷ ಗೌರಿ ಎಂಬವಳ ಕಥೆಯೊಂದಿತ್ತು. ಹೊಳೆ ದಾಟಿ ಹೋದ ಗಂಡನಿಗಾಗಿ ದಂಡೆಯ ಮೇಲೆ ಕಾಯುವವಳು. ಎಲ್ಲ ಕಂತುಗಳೂ ಸಿಕ್ಕಿದ್ದವು, ಕಟ್ಟಕಡೆಯದೊಂದನ್ನು ಬಿಟ್ಟು.

"ಸುರುವಾತು ಎಲ್ಲಾರೂ ಮಾರ್ತಾರಮ್ಮಾ" ಎಂದಿದ್ದ ರದ್ದಿಯ ಸಾಹೇಬ, ತಕ್ಕಡಿ ಒರೆಸುತ್ತ. "ಆಖರಿ ಯಾರೂ ಮಾರಾಂಗಿಲ್ಲ. ಹುಡುಕ್ತೀನಿ, ಬರ್ತಾ ಇರ್ರಿ."

ಇತ್ತ ಹೆಂಗಸರಿಗೆ ಮಾಸ್ತರರ ಮನೆಯಲ್ಲಿ ಗೌರಿಯ ಕಥೆ ಇದೆಯೆಂದು ತಿಳಿದುಬಿಟ್ಟಿತ್ತು. "ಓದ್ರಿ ಅಯ್ಯನೋರ, ನೀವು ಮುಗಿಸೂದರಾಗ ಶಾಂತವ್ವ ಕಡೀದು ತರತಾಳ" ಎಂದು ನನ್ನ ಹೆಸರು ಹೇಳಿ ಬೆನ್ನು ಹತ್ತಿದರು. ಮಾಸ್ತರರು ತಮ್ಮ ಆಯುಷ್ಯದಲ್ಲಿ ಒಂದೇ ಒಂದು ಸಲ ಒಪ್ಪಿದರು.

ನಾನು ಬರಿಗೈಯಲ್ಲಿ ಊರಿಗೆ ಬಂದ ಐತವಾರ ಅವರು ಹೊಲಿದ ಪುಟಗಳ ತುದಿಗೆ ತಲುಪಿದ್ದರು. ಡ್ಯಾಮಿನಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಗೆ ತುಂಬಿಕೊಂಡು ಹರಿಯುವ ಸಪ್ಪಳ ಕಟ್ಟೆಯವರೆಗೆ ಕೇಳುತ್ತಿತ್ತು. ಕಥೆಯಲ್ಲಿ ಗೌರಿಗೆ ಆಚೆ ದಡದಿಂದ ಗಂಡ ಕರೆದಂತಾಗುತ್ತದೆ. ಅವಳು ಮೆಟ್ಟಿಲಿಳಿದು ನೀರಿಗೆ ಕಾಲಿಡುತ್ತಾಳೆ. ಅಲ್ಲಿಗೆ ಪುಟ ಮುಗಿದಿತ್ತು.

"ಇಳದಳು, ಆಮ್ಯಾಲೆ?" ಎಂದಳು ಖಾದರಬಿ.

"ಮುಂದಿನ ಐತವಾರ" ಎಂದರು ಮಾಸ್ತರರು. ಅವರ ದನಿ ಅವರದೇ ಆಗಿರಲಿಲ್ಲ. ಅವಸರದಲ್ಲಿ ಒಂದು ಮಂಗಳ ಪದ ಹಾಡಿ, ಗಂಟೆ ಬಾರಿಸಿ ದೋಷ ಕಳೆಯಲು ನೋಡಿದರು. ಬೆರಳು ಮಾತ್ರ ಆ ಕೊನೆಯ ಪುಟದೊಳಗೇ ಇತ್ತು.

ಹುಲಿಗೆಮ್ಮ ಮೊರ ಅಲ್ಲೇ ಬಿಟ್ಟು ಎದ್ದು ಹೋದಳು. ಮರೆತಳೆಂದು ನಾವೆಲ್ಲ ಅಂದುಕೊಂಡೆವು. ನಾನು ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಸಿದ್ರಾಮಪ್ಪ ಓಣಿಯ ತುದಿಯಿಂದ ಕೂಗಿದ: "ಹುಲಿಗೆವ್ವ ಹೊಳಿಗೆ ಇಳದಾಳ್ರೋ!"

ಅದನ್ನು ಎಷ್ಟು ಸಲ ನೆನೆದರೂ ಮೊದಲು ಬರುವುದು ನೀರಲ್ಲ, ಅವಳ ಬೆನ್ನು. ಸೊಂಟದ ತನಕ ನೀರಿನಲ್ಲಿ ನಿಂತಿದ್ದಳು. ಮುಖ ಆಚೆ ದಡಕ್ಕೆ. ಸೆರಗು ನೀರಿನ ಮೇಲೆ ಬಿಚ್ಚಿಕೊಂಡು ಹರಿವಿನ ಕಡೆ ಎಳೆಯುತ್ತಿತ್ತು. ಅವಳು ನಿಂತದ್ದು ಮುಳುಗಿದ ಮೆಟ್ಟಿಲುಗಳಲ್ಲಿ ಕಡೆಯದು, ಅದರ ಮುಂದೆ ಮಡು ಎಂದು ಎಲ್ಲರಿಗೂ ಗೊತ್ತಿತ್ತು. ಸಿದ್ರಾಮಪ್ಪ ಇಳಿಯಲು ಹೋದ. ನೀರು ಕಲಕಿದ ಸಪ್ಪಳಕ್ಕೆ ಅವಳು ತಿರುಗದೆಯೇ ಹೇಳಿದಳು, "ಬರಬ್ಯಾಡ್ರಿ. ಕರಿಯಾಕ ಹತ್ಯಾನ." ಅವನು ಹಾಗೇ ನಿಂತ.

ಆಗ ಮಾಸ್ತರರು ಬಂದರು. ಬರಿಗಾಲು. ಕೈಯಲ್ಲೊಂದು ಪುಸ್ತಕ. ಬಚ್ಚಲು ತೊಳೆಯುವ ನೀರಿಗೂ ಹೆದರುತ್ತಿದ್ದ ಮನುಷ್ಯ ಒಂದೊಂದೇ ಮೆಟ್ಟಿಲು ಇಳಿದು ಮೊಣಕಾಲುದ್ದದ ಹೊಳೆಯಲ್ಲಿ ನಿಂತರು. ನಾನು ಅವರ ಹಿಂದೆ ಇಳಿದು ಧೋತರದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಮೆಟ್ಟಿಲ ಮೇಲೆ ಕೂತಿದ್ದ ಮರಳು ನನ್ನ ಹಿಮ್ಮಡಿಯ ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಜಾರಿ ಹೋಗುತ್ತಿತ್ತು. ಇಂದಿಗೂ ಒದ್ದೆ ನೆಲದ ಮೇಲೆ ಕಾಲಿಟ್ಟರೆ ಹಿಮ್ಮಡಿಗೆ ಅದೇ ನೆನಪಾಗುತ್ತದೆ.

ಮಾಸ್ತರರು ಪುಸ್ತಕ ತೆರೆದರು. ಅದು ಗೌರಿಯ ಕಥೆಯಾಗಿರಲಿಲ್ಲ. ಬಾಗಿಲ ಮೊಳೆಗೆ ತೂಗುಬಿಟ್ಟಿದ್ದ ಪಂಚಾಂಗ. ಅವರ ಹೆಗಲ ಪಕ್ಕದಿಂದ ನನಗೆ ರಾಹುಕಾಲದ ಪಟ್ಟಿ ಕಾಣುತ್ತಿತ್ತು. ಅವರು ಕಟ್ಟೆಯ ಮೇಲೆ ಓದುವ ದನಿಯಲ್ಲೇ, ಎಲ್ಲೂ ಅವಸರವಿಲ್ಲದೆ ಓದತೊಡಗಿದರು:

"'ಗೌರೀ' ಎಂದು ಮತ್ತೆ ದನಿ ಕೇಳಿಸಿತು. ದನಿ ಬಂದದ್ದು ಆಚೆ ದಡದಿಂದಲ್ಲ, ಬೆನ್ನ ಹಿಂದಿನಿಂದ."

ಹುಲಿಗೆಮ್ಮನ ಬೆನ್ನು ಅಲುಗಿತು.

"ಗೌರಿ ತಿರುಗಿ ನೋಡಿದಳು. ಮೆಟ್ಟಿಲ ಮೇಲೆ ಅವಳ ಗಂಡ ನಿಂತಿದ್ದ. ಮೈಯೆಲ್ಲ ದಾರಿಯ ಧೂಳು. ಅವನು ಸೇತುವೆಯ ಮೇಲಿನಿಂದ ಸುತ್ತು ಬಳಸಿ ಬಂದಿದ್ದ."

ಅವಳು ತಿರುಗಿದಳು. ತುಟಿಗಳು ನೀಲಿಗಟ್ಟಿದ್ದವು. ಮಾಸ್ತರರನ್ನು ನೋಡಿದಳು, ಪುಸ್ತಕವನ್ನು ನೋಡಿದಳು, ಎಷ್ಟೋ ಹೊತ್ತು ನೋಡಿದಳು. ಆಮೇಲೆ ಕೇಳಿದಳು:

"ಮುಂದ?"

"'ಹಸಿವಾಗಿದೆ' ಎಂದ ಅವನು. 'ಒಲೆ ಹಚ್ಚಿದ್ದೀಯಾ?'"

ಅವಳು ಒಂದು ಮೆಟ್ಟಿಲು ಈಚೆ ಬಂದಳು. ಮಾಸ್ತರರು ಒಲೆ ಹಚ್ಚಿಸಿದರು, ಅನ್ನ ಮಾಡಿಸಿದರು, ಗೌರಿಯ ಬಾಯಿಂದ ಗಂಡನಿಗೆ ಬೈಸಿದರು. ಒಂದೊಂದು ಮಾತಿಗೂ ಅವಳು ಒಂದಿಷ್ಟು ಹತ್ತಿರ. ಕೈಗೆ ಸಿಗುವಷ್ಟರಲ್ಲಿ ಕಾಲು ಜಾರಿತು. ತಲೆ ಒಮ್ಮೆ ನೀರಿನೊಳಗೆ ಹೋಗಿಯೇಬಿಟ್ಟಿತು. ಸಿದ್ರಾಮಪ್ಪ ಹಾರಿ ಅವಳ ಹೆರಳು ಹಿಡಿದ. ದಂಡೆಗೆ ಎಳೆದು ಮಲಗಿಸಿ, ಖಾದರಬಿ ತನ್ನ ಚಾದರ ಹೊದಿಸಿದಾಗಲೂ ಮಾಸ್ತರರು ನೀರಿನಲ್ಲೇ ನಿಂತು ಓದುತ್ತಿದ್ದರು. ಅವರನ್ನು ಇಬ್ಬರು ಸೇರಿ ಎತ್ತಿ ತರಬೇಕಾಯಿತು. ಕಾಲುಗಳು ಎಲೆಯಂತೆ ನಡುಗುತ್ತಿದ್ದವು.

ಕೆಲವು ವಾರಗಳ ನಂತರ ರದ್ದಿಯ ಸಾಹೇಬ ಕೊನೆಯ ಕಂತು ಹುಡುಕಿಕೊಟ್ಟ. ಅದರಲ್ಲಿ ಗೌರಿ ಮುಳುಗಿಹೋಗಿದ್ದಳು. ಮಾಸ್ತರರು ಅದನ್ನು ನಿಂತಲ್ಲೇ ಓದಿ, ಬಚ್ಚಲ ಒಲೆಗೆ ಹಾಕಿದರು. "ಇದನ್ನ ಬರದವರು ದಂಡಿ ಮ್ಯಾಲೆ ನಿಂತು ನೋಡಿಲ್ಲ ತಂಗಿ" ಎಂದಷ್ಟೇ ಹೇಳಿದರು.

ಅಂದಿನಿಂದ ಕಟ್ಟೆಯ ಮೇಲೆ ಬೇರೆ ಕಥೆಯ ಜೊತೆಗೆ ಗೌರಿಯ ಕಥೆಯೂ ನಡೆಯತೊಡಗಿತು. ಯಾವ ಪುಸ್ತಕದಲ್ಲೂ ಇಲ್ಲದ ಕಥೆ. ಗೌರಿ ಎಮ್ಮೆ ಕೊಂಡಳು, ಹೆಣ್ಣು ಹಡೆದಳು, ಅತ್ತಿಗೆಯ ಜೊತೆ ಜಗಳವಾಡಿದಳು. ಪ್ರತಿ ಐತವಾರದ ಕೊನೆಗೆ ಹುಲಿಗೆಮ್ಮ ಮೊರ ಎತ್ತಿಕೊಂಡು "ಮುಂದ?" ಎನ್ನುವಳು. "ಬರೂ ಐತವಾರ" ಎನ್ನುವರು ಮಾಸ್ತರರು. ಅವಳು ಬರುವುದು ತಡವಾದರೆ ಓದು ಶುರುವಾಗುತ್ತಿರಲಿಲ್ಲ. ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಓಣಿಯ ತುದಿಗೆ ಹೋಗಿ ಹೊಳೆಯ ಕಡೆ ನೋಡುತ್ತ ನಿಲ್ಲುತ್ತಿದ್ದರು.

ತಿಮ್ಮಪ್ಪ ಬರಲೇ ಇಲ್ಲ. ನನಗೆ ಬಳ್ಳಾರಿಯಲ್ಲಿ ಕೆಲಸ ಸಿಕ್ಕಿತು. ಕಣ್ಣು ಮಂಜಾದ ಮೇಲೆ ಮಾಸ್ತರರು ಕುರುಗೋಡಿಗೆ, ತಮ್ಮನ ಮಗನ ಮನೆಗೆ ಹೋದರು. ಹುಲಿಗೆಮ್ಮ ಐತವಾರ ಬಸ್ಸು ಹಿಡಿದು ಅಲ್ಲಿಗೂ ಹೋಗುತ್ತಿದ್ದಳಂತೆ. ಕೊನೆಯ ಸಲ ನಾನು ಹೋದಾಗ ಅವರು ಬಂಡೆಯ ನೆರಳಿನಲ್ಲಿ ಕೂತಿದ್ದರು. ಓದಲಾಗದ ಪುಸ್ತಕದೊಳಗೆ ಬೆರಳಿತ್ತು.

"ಶಾಂತವ್ವ, ನಾ ಆಕಿಗೆ ಮೋಸ ಮಾಡಿದ್ನೇನು? ಕತಿಯಾಗ ಗಂಡನ್ನ ಕರಕೊಂಡು ಬಂದೆ. ಆಕಿ ಮನಿಗೆ ಯಾರೂ ಬರಲಿಲ್ಲ. ಇನ್ನೂ ಕಾಯಾಕ ಹತ್ಯಾಳ. ಅವತ್ತಿಂದ ನನಗ ನೀರಿನ ಸಪ್ಪಳ ನಿಂತಿಲ್ಲ ನೋಡು. ಈ ಬಂಡಿಗಲ್ಲಿನೊಳಗೂ ಕೇಳತೈತಿ."

ನನಗೂ ಅದು ಕೇಳುತ್ತಿತ್ತು.

ಅವರು ತೀರಿಕೊಂಡ ಸುದ್ದಿ ತಿಳಿದು ಕುರುಗೋಡಿಗೆ ಹೋದಾಗ ಅವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟಿದ್ದರು. ಬಲಗೈಯ ತೋರುಬೆರಳು ಮಾತ್ರ ಚಾಚಿಕೊಂಡೇ ಇತ್ತು. ಯಾರೋ ಅದನ್ನು ಮಡಿಸಲು ನೋಡುತ್ತಿದ್ದರು.

"ಇರ್ಲಿ ಬಿಡ್ರಿ" ಎಂದಳು ಬಾಗಿಲ ಬಳಿ ಕೂತಿದ್ದ ಹುಲಿಗೆಮ್ಮ.

ಮಣ್ಣು ಮುಗಿಸಿ ಬಂದ ಮೇಲೆ ಅವಳಿಗೆ ಮಾಸ್ತರರ ಮಾತು ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನನಗ ಅಕ್ಷರ ಬರಾಂಗಿಲ್ಲ ಖರೆ. ಪಂಚಾಂಗ ಗುರುತು ಸಿಗಾಂಗಿಲ್ಲೇನು? ರಟ್ಟಿನ ಮ್ಯಾಲಿನ ಗಣಪತಿ ನೀರಾಗ ನಿಂತಾಕಿಗೂ ಕಾಣತಿದ್ದ."

"ಮತ್ತೆ ಯಾಕೆ ಬಂದೆ ಅವತ್ತು?"

"ಅಯ್ಯನೋರು ನಡಗಾಕ ಹತ್ತಿದ್ರು. ಅಗಲಿಕಿ ಮ್ಯಾಲೆ ಮುಚ್ಚೂ ಮನಶ್ಯಾ ಅಲ್ಲ ಅವರು. ನಾ ಬರೂತನ ಹಿಂದ ಸರಿಯಾಂಗಿಲ್ಲ, ಹೊಳಿ ಏರಿದ್ರೂ ಓದತಾರ ಅಂತ ತಿಳೀತು. ಅದಕ್ಕ ಬಂದೆ."

"ಇಷ್ಟು ವರ್ಷ 'ಮುಂದ, ಮುಂದ' ಅಂತ ಕೇಳಿದ್ದು?"

"ನಾ ಕೇಳಲಿಲ್ಲಂದ್ರ ಅವರು ಹೊಳಿ ಕಡೆ ನೋಡತಿದ್ರು ತಂಗಿ."

ಸಂಜೆಯ ಬಸ್ಸಿನಲ್ಲಿ ಇಬ್ಬರೂ ಸಿರುಗುಪ್ಪಕ್ಕೆ ಹೊರಟೆವು. ಊರು ಹತ್ತಿರವಾದಂತೆ ಗದ್ದೆಗಳಾಚೆ ಹೊಳೆ ಕಂಡಿತು. ಬಿಸಿಲು ಇನ್ನೂ ಇತ್ತು, ನೀರು ಕೆಂಪಗಿತ್ತು. ನನ್ನ ಹಿಮ್ಮಡಿಗಳು ಬಸ್ಸಿನ ತಗಡಿನ ಮೇಲೆ ತಾವಾಗಿಯೇ ಬಿಗಿದವು. ಎಷ್ಟು ಹೊತ್ತು ಆ ಕಡೆಯೇ ನೋಡುತ್ತಿದ್ದೆನೋ ಗೊತ್ತಿಲ್ಲ. ಹುಲಿಗೆಮ್ಮ ನನ್ನ ಮುಖ ನೋಡಿದಳು. ತನ್ನ ಒರಟು ಅಂಗೈಯನ್ನು ನನ್ನ ಕೈಮೇಲಿಟ್ಟು, ಕಟ್ಟೆಯ ಮೇಲೆ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು:

"ಗೌರಿ ಮಗಳು ದೊಡ್ಡಾಕಿ ಆಗಿದ್ಲಲ್ಲ ಶಾಂತವ್ವ. ಮುಂದ?"