ರೋಬೋಟಿನ ಬಾಯಲ್ಲಿ ಉಳಿದ ಚೀಟಿ

ಕೊಪ್ಪಳದಲ್ಲಿ ನಾನು ಅಗ್ನಿಶಾಮಕ ಠಾಣಾಧಿಕಾರಿಯಾಗಿದ್ದ ಕೊನೆಯ ವರ್ಷ ಅದು, ಬೇಸಿಗೆ. ಅಗ್ನಿಶಾಮಕ ಎಂದರೆ ಜನ ಬೆಂಕಿ ಆರಿಸುವವರು ಎಂದಷ್ಟೇ ತಿಳಿದಿರುತ್ತಾರೆ. ನಮ್ಮಲ್ಲಿ ರೆಸ್ಕ್ಯೂ ಕಾಲ್ ಎಂಬ ಇನ್ನೊಂದು ಬಗೆಯಿದೆ. ಬಾವಿಗೆ ಬಿದ್ದ ಎಮ್ಮೆ, ಜಜ್ಜಿಹೋದ ಲಾರಿಯಲ್ಲಿ ಸಿಕ್ಕಿಕೊಂಡ ಚಾಲಕ ಎಲ್ಲ ಅದರಲ್ಲೇ ಬರುತ್ತವೆ. ಆ ಮಧ್ಯಾಹ್ನ ಭಾಗ್ಯನಗರದಿಂದ ಬಂದ ಕರೆಯನ್ನು ಮಾತ್ರ ಎಲ್ಲಿ ಸೇರಿಸಬೇಕೋ ತಿಳಿಯಲಿಲ್ಲ.

"ಸಾಹೇಬ್ರ, ರೋಬೋಟ್ ಒಳಗ ಮನಷ್ಯಾ ಸಿಕ್ಕೊಂಡಾನ್ರಿ. ಲಗೂ ಬರ್ರಿ."

ಯಾರದೋ ಚೇಷ್ಟೆ ಎಂದು ಬಯ್ಯಲು ಬಾಯಿ ತೆರೆದೆ. ಆ ಕಡೆಯ ದನಿ ನಡುಗುತ್ತಿತ್ತು. ಸುಮ್ಮನೆ ಗಾಡಿ ಹೊರಡಿಸಿದೆ.

ಹಳೆಯ ಮಗ್ಗದ ಶೆಡ್ಡು, ಮೇಲೆ ತಗಡು. ಒಳಗೆ ಒಲೆಯಂಥ ಧಗೆ. ನಡುವೆ ಆಳೆತ್ತರದ, ಕಂದು ಬಣ್ಣದ ರೋಬೋಟು ನಿಂತಿತ್ತು. ಕಣ್ಣು ಬರೀ ಗುಂಡಗಿನ ಉಬ್ಬು, ತೂತಿಲ್ಲ. ಬಾಯಿಯ ಜಾಗದಲ್ಲಿ ಸಣ್ಣ ಸೀಳು, ಅದರಿಂದ ನಾಲಗೆಯಂತೆ ಹೊರಬಂದ ಒಂದು ಕಾಗದದ ಚೀಟಿ. ಆ ಚೀಟಿ ಅಲುಗುತ್ತಿತ್ತು. ಒಳಗಿದ್ದವನು ಉಸಿರಾಡುತ್ತಿದ್ದಾನೆ ಎಂಬುದಕ್ಕೆ ಅದೊಂದೇ ಗುರುತು.

ಒಳಗಿದ್ದವನು ಬಸವರಾಜ, ಅಲ್ಲೇ ಹಿಟ್ಟಿನ ಗಿರಣಿ ನಡೆಸುವವ. ಊರಿನವರು ಆಡಲಿದ್ದ ನಾಟಕದಲ್ಲಿ ಅವನದು ರೋಬೋಟಿನ ಪಾತ್ರ. ಅದನ್ನು ಬರೆದವರು ಹೈಸ್ಕೂಲಿನ ವಿಜ್ಞಾನದ ಶಂಕ್ರಪ್ಪ ಮಾಸ್ತರ. ಅಂಥ ಹೊತ್ತಿನಲ್ಲೂ ಅವರು ನನಗೆ ಕಥೆ ಹೇಳತೊಡಗಿದರು. ಯಹೂದಿಗಳ ಅನುಭಾವದಲ್ಲಿ ಗೋಲೆಮ್ ಎಂಬ ಮಣ್ಣಿನ ಆಳು ಇದ್ದಾನಂತೆ. ದೇವರ ಗುಪ್ತನಾಮ ಬರೆದ ಚೀಟಿಯನ್ನು ಬಾಯಲ್ಲಿಟ್ಟರೆ ಎದ್ದು ದುಡಿಯುತ್ತಾನೆ, ತೆಗೆದರೆ ಮತ್ತೆ ಮಣ್ಣು. ಅದನ್ನೇ ಎರವಲು ತಂದು, ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಭತ್ತದ ಚೀಲ ಹೊರುವ ರೋಬೋಟಿನ ನಾಟಕ ಮಾಡಿದ್ದರು.

"ರೋಬೋಟಿಗೆ ಪ್ರೋಗ್ರಾಮು, ಗೋಲೆಮ್ಮಿಗೆ ಚೀಟಿ. ಎರಡೂ ಒಂದ ಅಲ್ಲೇನ್ರಿ?"

"ಮಾಸ್ತರ, ಅದನ್ನ ಆಮ್ಯಾಲೆ ಕೇಳ್ತೀನಿ. ಇವ ಎಷ್ಟೊತ್ತಿನಿಂದ ಹಿಂಗ ನಿಂತಾನ?"

ಮಾಸ್ತರರ ಮುಖ ಬಾಡಿತು. ತಾಲೀಮಿನಲ್ಲಿ ಚೀಟಿ ತೆಗೆದೊಡನೆ ಬಸವರಾಜ ಕಲ್ಲಾಗಿ ನಿಲ್ಲಬೇಕಿತ್ತು. ನಿಂತ. ಭಾಳ ಛಲೋ ನಿಂತ ಎಂದು ಎಲ್ಲರೂ ಚಪ್ಪಾಳೆ ತಟ್ಟಿ, ಚೀಟಿಯನ್ನು ಮತ್ತೆ ಬಾಯಿಗೆ ತುರುಕಿ, ಮಿರ್ಚಿ ಮಂಡಕ್ಕಿ ತಿನ್ನಲು ಹೊರಗೆ ಹೋಗಿದ್ದಾರೆ. ತಿಂದು ಬಂದರೂ ಅವನು ಹಾಗೆಯೇ ನಿಂತಿದ್ದ. ಒಳಗಿಂದ ನರಳುವ ಸದ್ದು ಕೇಳಿದಾಗಲೇ ಅದು ಅಭಿನಯವಲ್ಲ ಎಂದು ಗೊತ್ತಾದದ್ದು.

ಸಿಕ್ಕಿಕೊಳ್ಳಲು ಕಾರಣ ಇರಕಲ್ಲಗಡದ ವೀರಣ್ಣ, ದೇವರ ಮೂರ್ತಿ ಮಾಡುವ ಹಿರಿಯರು. ಕಬ್ಬಿಣದ ಸರಳಿನ ಚೌಕಟ್ಟಿಗೆ ಗೋಣಿನಾರು ಸುತ್ತಿ, ಕಟ್ಟಿಗೆಯ ಹೊಟ್ಟು ಮತ್ತು ಹುಣಸೆಬೀಜದ ಅಂಟು ಕಲಸಿ ಮೆತ್ತಿ, ರೋಬೋಟಿನ ಮುಂದಿನದೊಂದು ಹಿಂದಿನದೊಂದು ಹೋಳು ಮಾಡಿದ್ದರು. ಬಸವರಾಜನನ್ನು ಒಳಗೆ ನಿಲ್ಲಿಸಿ ಹೋಳು ಕೂಡಿಸಿದಾಗ ಸಂದು ಕಂಡಿತು. ಚಂದ ಕಾಣಲೆಂದು ಅದಕ್ಕೂ ಅಂಟು ಮೆತ್ತಿಬಿಟ್ಟರು. ಮೂರ್ತಿ ಮಾಡುವ ಕೈಗೆ ಕೂಡಿಸುವುದಷ್ಟೇ ರೂಢಿ, ಬಿಚ್ಚುವ ಪ್ರಸಂಗವೇ ಬರುವುದಿಲ್ಲ. "ಸಂಜಿ ತನಕ ಹಸಿ ಇರ್ತೈತಿ ಅನ್ಕೊಂಡಿದ್ದೆ" ಎಂದರು. ನಮ್ಮ ಬಿಸಿಲಿಗೆ ಅದು ಆಗಲೇ ಮರದಂತೆ ಗಟ್ಟಿಯಾಗಿತ್ತು.

ನನ್ನ ಬಳಿ ಉಪಕರಣಗಳಿಗೆ ಬರವಿರಲಿಲ್ಲ. ಕಟರ್ ಹಚ್ಚಿದರೆ ಕಿಡಿ ಹಾರಿ ಹೊಟ್ಟು ಹೊತ್ತಿಕೊಳ್ಳುತ್ತದೆ. ಲಾರಿಯ ಬಾಗಿಲು ಅಗಲಿಸುವ ಸ್ಪ್ರೆಡರ್ ಹಾಕಿದರೆ ಸರಳು ಅವನ ಎದೆಗೇ ಒತ್ತುತ್ತದೆ. ಸಂದಿಗೆ ಬಿಸಿನೀರಲ್ಲಿ ಅದ್ದಿದ ಗೋಣಿಚೀಲ ಸುತ್ತಿಸಿದೆ. ಅಂಟು ನೆನೆಯಬೇಕು, ಅದಕ್ಕೆ ಹೊತ್ತು ಬೇಕು. ಅಲ್ಲಿಯವರೆಗೆ ಗಾಳಿ ಬೇಕು.

"ಬಾಯಾಗಿಂದ ಆ ಚೀಟಿ ಮೊದಲ ತಗೀರಿ" ಎಂದೆ.

ಮಾಸ್ತರ ಎಳೆದರು. ಬೆವರಿಗೆ ನೆಂದು ಮೆತ್ತಗಾಗಿದ್ದ ಕಾಗದ ಅರ್ಧಕ್ಕೆ ಹರಿಯಿತು. ಉಳಿದ ಅರ್ಧವನ್ನು ಒಳಗಿನ ಉಸಿರು ಜಗ್ಗಿಕೊಂಡು ಸೀಳಿಗೆ ಅಂಟಿಸಿತು. ನರಳುವುದು ನಿಂತಿತು. ಎಷ್ಟೋ ಬಾವಿಗಳಿಗೆ ಇಳಿದವನು ನಾನು. ಆ ಮುಚ್ಚಿದ ಮುಖವನ್ನು ಎಲ್ಲಿ ಒಡೆಯಬೇಕೋ ಮಾತ್ರ ತಿಳಿಯಲಿಲ್ಲ.

"ಕಣ್ಣು ತೆರೀರಿ, ವೀರಣ್ಣಾರ. ನಾ ಬಡದ್ರ ಅವನ ಮಾರಿಗೆ ಬಡೀತೈತಿ. ಎಷ್ಟು ದಪ್ಪ ಮೆತ್ತೀರಿ ಅನ್ನೂದು ನಿಮಗ ಗೊತ್ತು."

ಅವರು ಉಳಿ ಹಿಡಿದು ನಿಂತರೇ ಹೊರತು ಮುಂದೆ ಬರಲಿಲ್ಲ. ಕಣ್ಣು ತೆರೆಯದೆ ಬಿಟ್ಟದ್ದು ಮರೆವಿನಿಂದಲ್ಲ ಎಂದು ಆಗ ಗೊತ್ತಾಯಿತು. ಅವರ ಕಸುಬಿನಲ್ಲಿ ಕಣ್ಣು ತೆರೆದ ಗಳಿಗೆಯಿಂದ ಮೂರ್ತಿಗೆ ಜೀವ. ಮಾಸ್ತರರ ಕಥೆಯಲ್ಲಿ ಬಾಯಿಗೆ ಹೆಸರು ಇಟ್ಟರೆ ಜೀವ. ಮಾಸ್ತರರಿಗೆ ಅದು ನಾಟಕದ ಅಲಂಕಾರ. ವೀರಣ್ಣ ಮಾತ್ರ ನಂಬಿದ್ದರು.

"ಯಾರ ದೇವರ ಹೆಸರೋ ಏನೋ, ಒಳಗ ಐತ್ರಿ ಸಾಹೇಬ್ರ. ಹೆಸರೂ ಇಟ್ಟು ಕಣ್ಣೂ ತೆರದ್ರ, ಅದನ್ನ ನಿಂದ್ರಸವರು ಯಾರು?"

ಸಿಟ್ಟು ನೆತ್ತಿಗೇರಿತು. ಆದರೂ ದನಿ ತಗ್ಗಿಸಿದೆ. "ಒಳಗ ಹೆಸರಷ್ಟ ಇಲ್ಲ, ಬಸವರಾಜ ಅದಾನ" ಎಂದೆ.

ವೀರಣ್ಣ ಒಮ್ಮೆ ಆ ಬಾಯಿಯನ್ನು ನೋಡಿದರು. ಚೀಟಿ ಅಲುಗುತ್ತಿರಲಿಲ್ಲ.

"ಎದುರು ಯಾರೂ ನಿಂದ್ರಬ್ಯಾಡ್ರಿ" ಎನ್ನುತ್ತ ಉಳಿ ಇಟ್ಟರು. ಕಣ್ಣು ತೆರೆದಾಗ ಮೊದಲ ನೋಟ ಯಾರ ಮೇಲೂ ಬೀಳಬಾರದೆಂದು ಅವರಲ್ಲಿ ಕನ್ನಡಿ ಹಿಡಿಯುತ್ತಾರೆ. ಮಾಸ್ತರ ಪಕ್ಕಕ್ಕೆ ಸರಿದರು. ನಾನು ಸರಿಯಲಿಲ್ಲ. ಅವನು ಬದುಕಿದ್ದಾನೋ ಇಲ್ಲವೋ ನನಗೆ ಕಾಣಬೇಕಿತ್ತು. ಸಣ್ಣ ಸಣ್ಣ ಪೆಟ್ಟಿಗೆ ಹೊಟ್ಟು ಉದುರಿ ಮೊದಲು ಎಡಗಣ್ಣು ತೆರೆಯಿತು, ಆಮೇಲೆ ಬಲಗಣ್ಣು. ಒಳಗೆ ಕತ್ತಲು. ಆ ತೂತಿಗೆ ಬಾಯಿ ಹಚ್ಚಿ ಗಾಳಿ ಊದಿದೆ, ಹೆಸರು ಹಿಡಿದು ಕರೆದೆ. ಕೆಂಪಾದ ಎರಡು ಕಣ್ಣು ಮೆಲ್ಲಗೆ ತೆರೆದು ನನ್ನನ್ನು ನೋಡಿದವು. ನಾಚಿಕೆಯೇನಿಲ್ಲ, ನಾನು ಅತ್ತೆ.

ಅಂಟು ನೆಂದು ಹೋಳು ಬಿಚ್ಚಿಕೊಂಡಾಗ ಬಸವರಾಜ ನಮ್ಮ ಹುಡುಗರ ತೋಳಿಗೇ ಕುಸಿದ. ಆಸ್ಪತ್ರೆಯಲ್ಲಿ ಸಲಾಯಿನ್ ಏರಿಸಿಕೊಂಡು ಚೇತರಿಸಿಕೊಂಡ. ಹೊರಗೆ ಬೆಂಚಿನ ಮೇಲೆ ಮಾಸ್ತರ ತಲೆ ಬಗ್ಗಿಸಿ ಕೂತಿದ್ದರು. "ದೇವರ ಹೆಸರು ಬರೀಬಾರದು ಅಂತ ಖಾಲಿ ಹಾಳಿ ಇಟ್ಟಿದ್ದೆ ಸಾಹೇಬ್ರ" ಎಂದರು. ವೀರಣ್ಣ ಅವರನ್ನು ದಿಟ್ಟಿಸಿ, "ಅದನ್ನ ನನಗ ಹೇಳಬೇಕಿತ್ತಲ್ಲೋ ಮಾಸ್ತರ" ಎಂದರು.

ಪರರ ಕಥೆ ಎರವಲು ತರುವುದು ತಪ್ಪೆಂದು ನಾನು ಹೇಳುವುದಿಲ್ಲ. ತಂದವರು ಆಟ ಎಂದುಕೊಂಡದ್ದನ್ನು ಪಕ್ಕದಲ್ಲಿ ಒಬ್ಬರು ನಿಜವೆಂದು ನಂಬಿರಬಹುದು, ಅವರನ್ನು ಮೊದಲೇ ಕೇಳಿಕೊಳ್ಳಬೇಕು. ಸುಮ್ಮನೆ ನಿಂತವನನ್ನು ಸುಖವಾಗಿದ್ದಾನೆ ಎಂದುಕೊಳ್ಳಬಾರದು ಎಂಬುದು ಇಷ್ಟು ವರ್ಷದ ನೌಕರಿ ಕಲಿಸಿದ ಪಾಠ.

ಮಳೆಗಾಲ ಮುಗಿದ ಮೇಲೆ ಅದೇ ನಾಟಕ ಆಯಿತು. ಒಳಗೆ ಮತ್ತೆ ಬಸವರಾಜನೇ. ಈ ಸಲ ಹೊಸ ರೋಬೋಟಿಗೆ, ಅವನು ಒಳಹೊಗುವ ಮೊದಲೇ, ವೀರಣ್ಣ ಕಣ್ಣು ತೆರೆದಿದ್ದರು. ಚೀಟಿ ತೆಗೆದೊಡನೆ ರೋಬೋಟು ಕಲ್ಲಾಯಿತು, ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ನಾನು ತಟ್ಟಲಿಲ್ಲ. ಆ ತೂತುಗಳನ್ನೇ ನೋಡುತ್ತ ಕೂತೆ. ಬಸವರಾಜ ನನ್ನನ್ನು ಗುರುತಿಸಿ ಒಂದು ಕಣ್ಣು ಮಿಟುಕಿಸಿದ. ಆಮೇಲೆ ತಟ್ಟಿದೆ.