ಸೀಟ್ ಬೆಲ್ಟಿನ ತುದಿಯ ಕೆಸರು

ಹಳೆ ಕಾರು ಮಾರುವವನೊಬ್ಬನ ಶೆಡ್ಡಿನಲ್ಲಿ ಹದಿನೆಂಟು ವರ್ಷ ದುಡಿದ ಆ ಮೆಕ್ಯಾನಿಕ್‌ಗೆ, ಕಾರುಗಳನ್ನು ರಿಪೇರಿ ಮಾಡುವುದಕ್ಕಿಂತ ಅವುಗಳ ಬಾಯಿ ಮುಚ್ಚಿಸುವುದೇ ದೊಡ್ಡ ಕೆಲಸವಾಗಿತ್ತು. ಸದ್ದು ಮಾಡುವ ಎಂಜಿನ್ನಿಗೆ ದಪ್ಪ ಆಯಿಲ್ ಸುರಿಯುತ್ತಿದ್ದ. ಮೀಟರು ಹಿಂದಕ್ಕೆ ತಿರುಗಿಸುತ್ತಿದ್ದ. ತುಕ್ಕಿನ ಮೇಲೆ ಬಣ್ಣ ಬಳಿಯುತ್ತಿದ್ದ. ಒಮ್ಮೆ ಅವನ ಕೈ ದಾಟಿ ಹೋದ ಕಾರೊಂದರ ಬ್ರೇಕು ಹಿಡಿಯದೆ ಕೊಂಡವನ ಕಾಲು ಮುರಿಯಿತು. ‘ಗೇಟು ದಾಟಿದ ಮೇಲೆ ನಮಗೇನು ಸಂಬಂಧ?’ ಎಂದ ಮಾಲೀಕ. ಮರುದಿನದಿಂದ ಮೆಕ್ಯಾನಿಕ್ ಆ ಕಡೆ ತಲೆ ಹಾಕಲಿಲ್ಲ.

ಮನೆ ಮುಂದೆಯೇ ಪಂಚರ್ ಅಂಗಡಿ ಇಟ್ಟುಕೊಂಡ. ಬೀದಿಯಲ್ಲಿ ಯಾರು ಹಳೆ ಕಾರು ಕೊಳ್ಳಹೊರಟರೂ ಅವನನ್ನು ಕರೆದೊಯ್ಯುತ್ತಿದ್ದರು. ಇಲ್ಲವೆನ್ನದೆ ಹೋಗುತ್ತಿದ್ದ. ಹತ್ತು ವರ್ಷ ಹೀಗೆಯೇ ಬಿಸಿಲಲ್ಲಿ ಕಾರುಗಳಡಿ ನುಸುಳಿ ಎದ್ದು, ಅವವೇ ಸುಳ್ಳುಗಳನ್ನು ಕೇಳಿ ಕೇಳಿ, ಅವನಿಗೆ ಸಾಕಾಗಿಹೋಗಿತ್ತು.

ಹೀಗಿರುವಾಗ ಅಕ್ಕನಿಗೆ ಪಾರ್ಶ್ವವಾಯು ಹೊಡೆಯಿತು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಕರೆದೊಯ್ಯಬೇಕು. ಅಕ್ಕನ ಮಗಳು ನರ್ಸ್; ಡ್ಯೂಟಿ ಮುಗಿಸಿ ನೇರ ಅವನ ಅಂಗಡಿಗೆ ಬಂದಳು.

“ಮಾವ, ಒಂದು ನೀಲಿ ಕಾರು ನೋಡಿದೀನಿ. ಸ್ವಲ್ಪ ಬರ್ತೀರಾ?”

ಇಬ್ಬರೂ ಆ ಹಳೆ ಕಾರಿನ ಅಂಗಡಿಗೆ ಹೋದರು. ಸೇಲ್ಸಿನವನು ಹಲ್ಲುಕಿರಿದು ಬಂದ.

“ಮೇಡಂ, ಬೇಗ ಹೇಳಿ. ಇನ್ನೊಂದು ಪಾರ್ಟಿ ದಾರೀಲಿದ್ದಾರೆ. ಈ ರೇಟು ಇವತ್ತಿಗೆ ಮಾತ್ರ.”

ಮೆಕ್ಯಾನಿಕ್ ಬಾನೆಟ್ಟಿನ ಮೇಲೆ ಕೈಯಿಟ್ಟ. “ಯಾಕಪ್ಪ ಬಿಸಿ ಇದೆ?”

“ಬಿಸಿಲು ಸಾರ್.”

“ನೆರಳಲ್ಲಿ ನಿಂತಿದೆಯಲ್ಲಪ್ಪ. ತಣ್ಣಗಿದ್ರೆ ಸ್ಟಾರ್ಟ್ ಆಗಲ್ಲ ಅಂತ ಮೊದಲೇ ಓಡಿಸಿಟ್ಟಿದೀಯ.”

ಒಳಗೆ ಕೂತು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದ. ಸದಾ ಒಳಗೇ ಸುತ್ತಿಕೊಂಡಿರುವ ಆ ತುದಿಯಲ್ಲಿ ಒಣಗಿದ ಕೆಸರಿತ್ತು. “ಪ್ರವಾಹದ ನೀರಲ್ಲಿ ಮುಳುಗಿದ ಗಾಡಿ. ನಡಿಯಮ್ಮ.”

ಸೇಲ್ಸಿನವನ ಮುಖ ಸಣ್ಣದಾಯಿತು. ಗೇಟಿನವರೆಗೂ ಹಿಂದೆಯೇ ಬಂದ. “ನೀವೂ ಇದೇ ಲೈನಲ್ಲಿದ್ದೋರು ಅಂತ ಗೊತ್ತು ಸಾರ್. ನೀವು ತಿಂದಿದ್ದೂ ಇದೇ ಅನ್ನ. ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?”

ಮೆಕ್ಯಾನಿಕ್ ಗೇಟು ದಾಟಿ ಬಸ್ ಸ್ಟಾಪಿನ ಕಡೆ ನಡೆದ.

ಬಸ್ಸಿನಲ್ಲಿ ಅವಳು ಕೇಳಿದಳು: “ಹೌದಾ ಮಾವ? ನೀವೂ ಹೀಗೆ ಮಾಡ್ತಿದ್ರಾ?”

“ಮಾಡ್ತಿದ್ದೆ ಕಣಮ್ಮ. ಇವನಿಗಿಂತ ಚೆನ್ನಾಗೇ ಮಾಡ್ತಿದ್ದೆ. ಬೆಲ್ಟನ್ನೂ ಬಿಚ್ಚಿ ತೊಳೀತಿದ್ದೆ.”

ಅವಳು ಕಿಟಕಿಯ ಕಡೆ ತಿರುಗಿದಳು. ತನ್ನ ಸ್ಟಾಪಿನಲ್ಲಿ ಹಿಂದಿರುಗಿ ನೋಡದೆ ಇಳಿದುಹೋದಳು. ಇನ್ನು ತನ್ನನ್ನು ಕರೆಯಲಾರಳು ಎಂದುಕೊಂಡ ಅವನು. ಎಂಟು ದಿನ ಅವಳ ಸುಳಿವಿರಲಿಲ್ಲ. ಒಂಬತ್ತನೆಯ ದಿನ ಬಂದು ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತಳು.

“ನಾನೊಬ್ಬಳೇ ನಾಲ್ಕು ಕಡೆ ನೋಡಿದೆ ಮಾವ. ಯಾವುದು ನಿಜ ಅಂತಾನೇ ಗೊತ್ತಾಗ್ತಿಲ್ಲ. ಬನ್ನಿ.”

ಕೈ ಒರೆಸಿಕೊಂಡು ಎದ್ದ.

ಮತ್ತೆ ಐದು ಕಾರು ನೋಡಿದರು. ಕೊನೆಗೆ ಸಿಕ್ಕಿದ್ದು ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರ ಮಾಸಿದ ಬಿಳಿ ಕಾರು. ಕೇಳುವ ಮೊದಲೇ ಆಕೆ ಹೇಳಿದರು: “ಹಿಂದಿನ ಎಡಬಾಗಿಲು ಒಳಗಿಂದ ತೆಗೆಯೋಕಾಗಲ್ಲ. ಕ್ಲಚ್ಚು ಇನ್ನು ಬಹಳ ದಿನ ಬಾಳಲ್ಲ. ಒಂದ್ಸಲ ಕಂಬಕ್ಕೆ ಗುದ್ದಿದ್ದೆ.”

ಅವನು ನಂಬಲಿಲ್ಲ. ಒಂದು ಗಂಟೆ ಜಾಲಾಡಿದ. ಆಕೆ ಹೇಳಿದಷ್ಟೇ ಇತ್ತು, ಒಂದೂ ಹೆಚ್ಚಿರಲಿಲ್ಲ. ಎದ್ದು ನಿಂತು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದ. “ತಗೊಳ್ಳಮ್ಮ,” ಎಂದಷ್ಟೇ ಹೇಳಿದ.

ಎರಡು ದಿನ ಕೂತು ಬಾಗಿಲು ತಾನೇ ಸರಿಮಾಡಿದ. ಮೊದಲ ಸಲ ಆಸ್ಪತ್ರೆಗೆ ಹೊರಟಾಗ ಅಕ್ಕ ಮುಂದೆ ಕೂತಳು, ಅವನು ಹಿಂದೆ. ಬೀದಿಯ ತಿರುವು ದಾಟುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು. ಅಕ್ಕನ ಮಗಳು ಗುಂಡಿಗಳನ್ನು ತಪ್ಪಿಸುತ್ತಾ ನಿಧಾನವಾಗಿ ಓಡಿಸಿದಳು.