ರಾಹುಕಾಲ ಕಳೆದ ಮೇಲೆ ಕೂಗಿದ ಸ್ಲ್ಯಾಮ್

ಗೆಳೆಯರೇ, ಇಂದು ಚಾಮರಾಜಪೇಟೆಯಲ್ಲಿ ನಮ್ಮ ಬ್ರಿಡ್ಜ್ ಇಸ್ಪೀಟು ಪಂದ್ಯದ ಕೊನೆಯ ಆಟ. ಕಪ್ ಬೇಕಿದ್ದರೆ ಸ್ಲ್ಯಾಮ್ ಕೂಗಲೇಬೇಕಿತ್ತು. ಅಂದರೆ ಹದಿಮೂರು ಸುತ್ತಿನಲ್ಲಿ ಹನ್ನೆರಡನ್ನು ಗೆಲ್ಲುತ್ತೇವೆಂದು ಮೊದಲೇ ಸಾರಬೇಕು. ಎಷ್ಟು ಸುತ್ತು ಗೆಲ್ಲುತ್ತೇವೆಂದು ಸರದಿಯಂತೆ ಕೂಗುವ ಹರಾಜನ್ನು ನಾನು ಶುರು ಮಾಡಿದೆ. ನನ್ನ ಜೊತೆಗಾರ ಶೇಷಾದ್ರಿ ಮೇಷ್ಟ್ರು ತಮ್ಮ ಸರದಿ ಬಂದಾಗ ಎಲೆಗಳನ್ನು ಮೇಜಿನ ಮೇಲೆ ಕವುಚಿಟ್ಟು ಮೂರು ನಿಮಿಷ ಸುಮ್ಮನೆ ಕುಳಿತರು. ಆಮೇಲೆ "ಸಿಕ್ಸ್ ಸ್ಪೇಡ್ಸ್" ಎಂದರು. ಸ್ಲ್ಯಾಮ್!

ಎದುರಾಳಿ ತೀರ್ಪುಗಾರರನ್ನು ಕರೆದರು. "ಇಷ್ಟೊತ್ತು ಯೋಚ್ನೆ ಮಾಡಿದ್ರೆ ಪಾರ್ಟ್ನರ್‌ಗೆ ಸುಳಿವು ಕೊಟ್ಟಂಗಾಗಲ್ವಾ ಸಾರ್?"

"ಯೋಚ್ನೇನೇ ಮಾಡ್ಲಿಲ್ಲ ಕಣ್ರೀ," ಎಂದರು ಮೇಷ್ಟ್ರು. "ಭಾನುವಾರ ಆರು ಗಂಟೆವರೆಗೂ ರಾಹುಕಾಲ. ಕಳೀಲಿ ಅಂತ ಕಾದೆ."

ಯಾರೂ ನಗಲಿಲ್ಲ. ತೀರ್ಪುಗಾರರು ಗೋಡೆಯ ಗಡಿಯಾರ ನೋಡಿ, "ಹೌದು, ಆರಾಯ್ತು. ಆಡಿ," ಎಂದು ತೀರ್ಪಿತ್ತರು. ಎದುರಾಳಿಯೂ ತಮ್ಮ ಎಲೆಗಳನ್ನು ಕೈಗೆತ್ತಿಕೊಂಡರು.

ನಾವು ಗೆದ್ದದ್ದು ಹನ್ನೊಂದೇ ಸುತ್ತು. ಕಪ್ ಹೋಯಿತು.

"ನನ್ನ ಕೂಗು ಸರಿಯಾದ ಹೊತ್ತಿಗೇ ಬಿತ್ತು," ಎಂದರು ಮೇಷ್ಟ್ರು ಹೊರಗೆ ಚಪ್ಪಲಿ ಮೆಟ್ಟುತ್ತ. "ಹರಾಜು ಶುರು ಮಾಡಿದ್ದು ನೀವು. ಐದೂ ಐವತ್ತೇಳಕ್ಕೆ."

ಯಾವ ಕೂಗಿಗೆ ಏನರ್ಥ ಎಂದು ನಾವಿಬ್ಬರೂ ಬರೆದಿಟ್ಟುಕೊಂಡ ಒಪ್ಪಂದದಲ್ಲಿ, ಜೊತೆಗಾರನ ಬಳಿ ಎಷ್ಟು ಏಸ್ ಇವೆ ಎಂದು ಕೇಳುವ ಕ್ರಮವಿದೆ. ಪಂಚಾಂಗ ಕೇಳುವ ಕ್ರಮವಿಲ್ಲ.